ಆನ್‌ಲೈನ್ ಸೇವೆಗಳ ಬಳಕೆಯ ನಿಯಮಗಳ ಬದಲಾವಣೆ

ಆನ್‌ಲೈನ್ ಸೇವೆಗಳ ಬಳಕೆಯ ನಿಯಮಗಳ ಬದಲಾವಣೆ ಎಂದರೆ ಅಂತರಜಾಲದ ಮೂಲಕ ಸೇವೆ ಒದಗಿಸುವ ಸಂಸ್ಥೆಯೊಂದು ತನ್ನ ಮತ್ತು ಬಳಕೆದಾರರ ನಡುವೆ ಈಗಾಗಲೇ ಇರುವ ಕರಾರಿನ ಷರತ್ತುಗಳನ್ನು ಮಾರ್ಪಡಿಸುವ ಪ್ರಕ್ರಿಯೆ. ಈ ಮಾರ್ಪಾಡನ್ನು ಸಾಮಾನ್ಯವಾಗಿ ಇಮೇಲ್ ಮೂಲಕ ಬಳಕೆದಾರರಿಗೆ ತಿಳಿಸಲಾಗುತ್ತದೆ. ಮಿಂಚಂಚೆ, ಸಾಮಾಜಿಕ ಜಾಲತಾಣ, ಸಂದೇಶವಾಹಕ, ಕಡತ ಸಂಗ್ರಹ, ಚಂದಾ ಆಧಾರಿತ ಮನರಂಜನೆ, ಹಣ ಪಾವತಿ ಮೊದಲಾದ ಬಹುತೇಕ ಎಲ್ಲ ಸೇವೆಗಳಲ್ಲಿಯೂ ಈ ಪದ್ಧತಿ ಬಳಕೆಯಲ್ಲಿದೆ.

ಇಂತಹ ಇಮೇಲ್‌ಗಳಲ್ಲಿ ಹೊಸ ನಿಯಮಗಳು ಜಾರಿಗೆ ಬರುವ ದಿನಾಂಕವನ್ನು ಸೂಚಿಸಿ, ಆ ದಿನಾಂಕದ ನಂತರವೂ ಸೇವೆಯನ್ನು ಬಳಸಿದರೆ ಬಳಕೆದಾರರು ನಿಯಮಗಳನ್ನು ಒಪ್ಪಿದಂತೆ ಎಂದು ತಿಳಿಸುವುದು ವಾಡಿಕೆ. ಆದ್ದರಿಂದ ಸೂಚನೆಗೆ ಉತ್ತರಿಸದೆ ಇರುವುದೂ ಒಂದು ಬಗೆಯ ಉತ್ತರವಾಗಿ ಪರಿಗಣಿತವಾಗುತ್ತದೆ. ಬಳಕೆದಾರರ ಮೌನವನ್ನು ಯಾವ ಸಂದರ್ಭದಲ್ಲಿ ಸಮ್ಮತಿಯೆಂದು ಭಾವಿಸಬಹುದು, ಸೂಚನೆ ಎಷ್ಟು ಸ್ಪಷ್ಟವಾಗಿರಬೇಕು, ಒಪ್ಪದವರಿಗೆ ಯಾವ ದಾರಿಗಳಿವೆ ಎಂಬ ಪ್ರಶ್ನೆಗಳನ್ನು ಭಾರತ, ಅಮೆರಿಕ ಸಂಯುಕ್ತ ಸಂಸ್ಥಾನ ಹಾಗೂ ಯುರೋಪ್ ಒಕ್ಕೂಟದ ಕಾನೂನುಗಳು ಬೇರೆ ಬೇರೆ ರೀತಿಯಲ್ಲಿ ನಿರ್ವಹಿಸಿವೆ.

ಹಿನ್ನೆಲೆ

ಒಂದು ಪಕ್ಷವೇ ಸಿದ್ಧಪಡಿಸಿ, ಇನ್ನೊಂದು ಪಕ್ಷವು ಚೌಕಾಸಿಗೆ ಅವಕಾಶವಿಲ್ಲದೆ ಸಹಿ ಹಾಕುವ ಕರಾರನ್ನು ಸಿದ್ಧಮಾದರಿಯ ಕರಾರು ಎನ್ನುತ್ತಾರೆ. ರೈಲ್ವೆ ಟಿಕೆಟ್ಟಿನ ಹಿಂಬದಿಯ ಷರತ್ತುಗಳು, ವಿಮಾ ಪಾಲಿಸಿಗಳು, ಬ್ಯಾಂಕ್ ಅರ್ಜಿಗಳು ಇದರ ಹಳೆಯ ರೂಪಗಳು. ಗಣಕಯಂತ್ರದ ತಂತ್ರಾಂಶಗಳು ಮಾರುಕಟ್ಟೆಗೆ ಬಂದಾಗ, ಪೊಟ್ಟಣವನ್ನು ಬಿಚ್ಚಿದರೆ ಪರವಾನಗಿಯ ಷರತ್ತುಗಳನ್ನು ಒಪ್ಪಿದಂತೆ ಎಂಬ ಪದ್ಧತಿ ರೂಢಿಗೆ ಬಂತು. ಅಂತರಜಾಲದ ಕಾಲದಲ್ಲಿ ಇದು ಎರಡು ರೂಪಗಳನ್ನು ತಾಳಿತು. 'ಒಪ್ಪುತ್ತೇನೆ' ಎಂಬ ಗುಂಡಿಯನ್ನು ಒತ್ತಿ ಸಮ್ಮತಿ ಸೂಚಿಸುವುದು 'ಕ್ಲಿಕ್‌ರ್‍ಯಾಪ್' ಕರಾರು. ಪುಟದ ಅಡಿಯಲ್ಲಿ ಷರತ್ತುಗಳ ಕೊಂಡಿಯನ್ನು ಮಾತ್ರ ಇರಿಸಿ, ಜಾಲತಾಣದ ಬಳಕೆಯನ್ನೇ ಸಮ್ಮತಿಯೆಂದು ಭಾವಿಸುವುದು 'ಬ್ರೌಸ್‌ರ್‍ಯಾಪ್' ಕರಾರು.

ಈ ಎರಡೂ ಕರಾರುಗಳು ಆರಂಭದ ಸಮ್ಮತಿಗೆ ಸಂಬಂಧಿಸಿದವು. ಆದರೆ ಆನ್‌ಲೈನ್ ಸೇವೆಯು ಒಮ್ಮೆ ಮಾರಿ ಮುಗಿಸುವ ಸರಕಲ್ಲ. ಅದು ವರ್ಷಗಟ್ಟಲೆ ಮುಂದುವರಿಯುವ ಸಂಬಂಧ. ಈ ಅವಧಿಯಲ್ಲಿ ಹೊಸ ಸೌಲಭ್ಯಗಳು ಸೇರುತ್ತವೆ, ಕಾನೂನುಗಳು ಬದಲಾಗುತ್ತವೆ, ಸಂಸ್ಥೆಯ ಮಾಲೀಕತ್ವ ಕೈ ಬದಲಾಗುತ್ತದೆ, ಆದಾಯದ ಮೂಲವೂ ಮಾರ್ಪಡುತ್ತದೆ. ಆದಕಾರಣ ಸಂಸ್ಥೆಗಳು ಮೂಲ ಕರಾರಿನಲ್ಲಿಯೇ, ಮುಂದೆ ನಿಯಮಗಳನ್ನು ಬದಲಾಯಿಸುವ ಹಕ್ಕನ್ನು ತಮಗೆ ಕಾಯ್ದಿರಿಸಿಕೊಳ್ಳುವ ಷರತ್ತನ್ನು ಸೇರಿಸುತ್ತವೆ. ಇಮೇಲ್ ಸೂಚನೆಗಳು ಹೊರಡುವುದು ಈ ಷರತ್ತಿನ ಬಲದಿಂದ.

ಸೂಚನೆಯ ಸ್ವರೂಪ

ನಿಯಮ ಬದಲಾವಣೆಯ ಇಮೇಲ್‌ಗಳಲ್ಲಿ ಸಾಮಾನ್ಯವಾಗಿ ನಾಲ್ಕು ಅಂಶಗಳಿರುತ್ತವೆ: ಬದಲಾವಣೆಯ ಸಾರಾಂಶ, ಪೂರ್ಣ ಪಠ್ಯದ ಕೊಂಡಿ, ಜಾರಿಯ ದಿನಾಂಕ ಮತ್ತು ಒಪ್ಪದಿದ್ದಲ್ಲಿ ಮಾಡಬೇಕಾದುದರ ವಿವರ. ಸಾರಾಂಶವನ್ನು ಬರೆಯುವುದು ಸಂಸ್ಥೆಯೇ ಆದುದರಿಂದ ಅದು ಪೂರ್ಣ ಪಠ್ಯಕ್ಕೆ ಪರ್ಯಾಯವಾಗಲಾರದು. 'ನಿಯಮಗಳನ್ನು ಸರಳಗೊಳಿಸಿದ್ದೇವೆ' ಎಂಬ ಸಾಲಿನ ಹಿಂದೆ ಬರಿಯ ಭಾಷಾ ತಿದ್ದುಪಡಿಯೂ ಇರಬಹುದು, ಹೊಸ ಹೊಣೆಗಾರಿಕೆಯೂ ಇರಬಹುದು.

ಬದಲಾವಣೆಗಳನ್ನು ಅವುಗಳ ಪರಿಣಾಮದ ಆಧಾರದ ಮೇಲೆ ಹೀಗೆ ವಿಂಗಡಿಸಬಹುದು:

• ಔಪಚಾರಿಕ ಬದಲಾವಣೆಗಳು: ಸಂಸ್ಥೆಯ ಹೆಸರು, ವಿಳಾಸ, ಪದಬಳಕೆ, ಕಾನೂನಿನ ಹೊಸ ಉಲ್ಲೇಖಗಳು.
• ಹಣಕಾಸಿನ ಬದಲಾವಣೆಗಳು: ಚಂದಾ ಮೊತ್ತ, ಶುಲ್ಕ, ಸ್ವಯಂ ನವೀಕರಣ, ಹಣ ಮರುಪಾವತಿಯ ನಿಯಮ, ಉಚಿತ ಮಿತಿಯ ಇಳಿಕೆ.
• ದತ್ತಾಂಶದ ಬದಲಾವಣೆಗಳು: ವೈಯಕ್ತಿಕ ಮಾಹಿತಿಯ ಸಂಗ್ರಹ, ಸಹಸಂಸ್ಥೆಗಳೊಂದಿಗೆ ಹಂಚಿಕೆ, ಜಾಹೀರಾತಿಗೆ ಬಳಕೆ, ಕೃತಕ ಬುದ್ಧಿಮತ್ತೆಯ ತರಬೇತಿಗೆ ಬಳಕೆ.
• ಕೃತಿಸ್ವಾಮ್ಯದ ಬದಲಾವಣೆಗಳು: ಬಳಕೆದಾರರು ಏರಿಸಿದ ಬರಹ, ಚಿತ್ರ, ದೃಶ್ಯಗಳ ಮೇಲೆ ಸಂಸ್ಥೆ ಪಡೆಯುವ ಪರವಾನಗಿ.
• ವ್ಯಾಜ್ಯದ ಬದಲಾವಣೆಗಳು: ಯಾವ ದೇಶದ ಕಾನೂನು, ಯಾವ ನ್ಯಾಯಾಲಯ, ಕಡ್ಡಾಯ ಮಧ್ಯಸ್ಥಿಕೆ, ಸಾಮೂಹಿಕ ದಾವೆಯ ನಿಷೇಧ.
• ಖಾತೆಯ ಬದಲಾವಣೆಗಳು: ಅಮಾನತು, ಮುಕ್ತಾಯ, ಬಳಕೆಯಾಗದ ಖಾತೆಯ ಅಳಿಸುವಿಕೆ.

ಮೊದಲನೆಯದನ್ನು ಬಿಟ್ಟು ಉಳಿದವುಗಳೆಲ್ಲ ಬಳಕೆದಾರರ ಹಕ್ಕು ಅಥವಾ ಹಣದ ಮೇಲೆ ನೇರ ಪರಿಣಾಮ ಬೀರುವಂಥವು. ವ್ಯಾಜ್ಯಕ್ಕೆ ಸಂಬಂಧಿಸಿದ ಬದಲಾವಣೆಗಳು ಸೇವೆಯ ದಿನನಿತ್ಯದ ಬಳಕೆಯಲ್ಲಿ ಕಾಣಿಸುವುದೇ ಇಲ್ಲ. ಜಗಳ ಉಂಟಾದ ದಿನ ಮಾತ್ರ ಅವು ಮುನ್ನೆಲೆಗೆ ಬರುತ್ತವೆ.

ಭಾರತದ ಕಾನೂನು

'ಮೌನಂ ಸಮ್ಮತಿ ಲಕ್ಷಣಂ' ಎಂಬುದು ಪ್ರಸಿದ್ಧ ನಾಣ್ಣುಡಿ. ಕರಾರು ಕಾನೂನಿನ ಸಾಮಾನ್ಯ ತತ್ವ ಇದಕ್ಕೆ ವಿರುದ್ಧವಾಗಿದೆ. ಇಂಗ್ಲೆಂಡಿನ 1862ರ ಫೆಲ್ಟ್‌ಹೌಸ್ ಮತ್ತು ಬಿಂಡ್ಲಿ ಪ್ರಕರಣದಲ್ಲಿ, 'ಉತ್ತರ ಬಾರದಿದ್ದರೆ ಒಪ್ಪಿಗೆ ಎಂದು ತಿಳಿಯುತ್ತೇನೆ' ಎಂದು ಒಬ್ಬರು ಬರೆದ ಮಾತ್ರಕ್ಕೆ ಇನ್ನೊಬ್ಬರ ಮೌನ ಸ್ವೀಕಾರವಾಗುವುದಿಲ್ಲವೆಂದು ತೀರ್ಮಾನಿಸಲಾಯಿತು. ಆದರೆ ನಡತೆಯ ಮೂಲಕ ಸಮ್ಮತಿ ಸೂಚಿಸುವುದಕ್ಕೆ ಕಾನೂನಿನಲ್ಲಿ ಅವಕಾಶವಿದೆ. ಭಾರತೀಯ ಕರಾರು ಕಾಯ್ದೆ, 1872ರ ಸೆಕ್ಷನ್ 8ರ ಪ್ರಕಾರ ಪ್ರಸ್ತಾಪದ ಷರತ್ತುಗಳನ್ನು ನೆರವೇರಿಸುವುದು ಅಥವಾ ಪ್ರಸ್ತಾಪದೊಂದಿಗೆ ನೀಡಲಾದ ಪ್ರತಿಫಲವನ್ನು ಸ್ವೀಕರಿಸುವುದು ಪ್ರಸ್ತಾಪದ ಸ್ವೀಕಾರವೆನಿಸುತ್ತದೆ. ಸೂಚನೆ ತಲುಪಿದ ಮೇಲೂ ಸೇವೆಯನ್ನು ಬಳಸುತ್ತಿದ್ದರೆ ಅದು ಬರಿಯ ಮೌನವಲ್ಲ, ನಡತೆಯ ಮೂಲಕ ನೀಡಿದ ಒಪ್ಪಿಗೆ ಎಂಬ ಸಂಸ್ಥೆಗಳ ವಾದಕ್ಕೆ ಇಂತಹ ತತ್ವವೇ ಆಧಾರ.

ಅದೇ ಕಾಯ್ದೆಯ ಸೆಕ್ಷನ್ 62, ಕರಾರಿನ ಪಕ್ಷಗಳು ಒಪ್ಪಿ ಹಳೆಯ ಕರಾರನ್ನು ಬದಲಾಯಿಸಿದಾಗ ಮೂಲ ಕರಾರನ್ನು ನೆರವೇರಿಸಬೇಕಿಲ್ಲ ಎನ್ನುತ್ತದೆ. ಅಂದರೆ ಬದಲಾವಣೆಗೂ ಉಭಯ ಪಕ್ಷಗಳ ಒಪ್ಪಿಗೆ ಅಗತ್ಯ.

ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ಕ್ಕೆ 2008ರ ತಿದ್ದುಪಡಿಯ ಮೂಲಕ ಸೇರಿಸಲಾದ ಸೆಕ್ಷನ್ 10ಎ, ಕರಾರು ವಿದ್ಯುನ್ಮಾನ ರೂಪದಲ್ಲಿ ಆಗಿದೆ ಎಂಬ ಕಾರಣಕ್ಕೆ ಮಾತ್ರ ಅದು ಅಸಿಂಧುವಾಗುವುದಿಲ್ಲ ಎಂದು ಹೇಳುತ್ತದೆ. ವಿದ್ಯುನ್ಮಾನ ದಾಖಲೆ ತಲುಪುವ ಕಾಲವನ್ನು ಸೆಕ್ಷನ್ 13 ನಿರ್ಧರಿಸುತ್ತದೆ. ಪಕ್ಷಗಳ ನಡುವೆ ಬೇರೆ ಒಪ್ಪಂದವಿಲ್ಲದಿದ್ದರೆ, ಸ್ವೀಕರಿಸುವವರು ಗೊತ್ತುಪಡಿಸಿದ ಗಣಕ ಸಂಪನ್ಮೂಲವನ್ನು ದಾಖಲೆ ಪ್ರವೇಶಿಸಿದ ಕ್ಷಣವೇ ಅದು ತಲುಪಿದ ಕ್ಷಣ. ಇಮೇಲನ್ನು ತೆರೆದು ಓದಿರುವುದು ಈ ಸೆಕ್ಷನ್ನಿನ ಪ್ರಕಾರ ಅಗತ್ಯವಲ್ಲ. ನೋಂದಣಿಯ ವೇಳೆ ನೀಡಿ ನಂತರ ಬಳಸದೆ ಬಿಟ್ಟ ಇಮೇಲ್ ವಿಳಾಸದಿಂದ ತೊಂದರೆ ಉಂಟಾಗುವುದು ಇದೇ ಕಾರಣದಿಂದ.

ಮಾಹಿತಿ ತಂತ್ರಜ್ಞಾನ (ಮಧ್ಯವರ್ತಿ ಮಾರ್ಗಸೂಚಿ ಮತ್ತು ಡಿಜಿಟಲ್ ಮಾಧ್ಯಮ ನೀತಿ ಸಂಹಿತೆ) ನಿಯಮಗಳು, 2021ರ ಪ್ರಕಾರ ಮಧ್ಯವರ್ತಿ ಸಂಸ್ಥೆಗಳು ತಮ್ಮ ನಿಯಮ, ಗೋಪ್ಯತಾ ನೀತಿ, ಬಳಕೆದಾರರ ಕರಾರು ಹಾಗೂ ಅವುಗಳ ಬದಲಾವಣೆಯನ್ನು ವರ್ಷಕ್ಕೆ ಒಮ್ಮೆಯಾದರೂ ಬಳಕೆದಾರರಿಗೆ ತಿಳಿಸಬೇಕು. 2022ರ ತಿದ್ದುಪಡಿಯು ಇವುಗಳನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಬಳಕೆದಾರರು ಆರಿಸಿದ ಭಾಷೆಯಲ್ಲಿ ತಿಳಿಸಬೇಕೆಂದು ಸೇರಿಸಿತು. ಕನ್ನಡವು ಈ ಅನುಸೂಚಿಯಲ್ಲಿರುವ ಭಾಷೆಗಳಲ್ಲೊಂದು.

ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಮೊದಲ ಬಾರಿಗೆ 'ಅನ್ಯಾಯದ ಕರಾರು' ಎಂಬ ಪರಿಕಲ್ಪನೆಯನ್ನು ಕಾಯ್ದೆಯಲ್ಲಿ ವ್ಯಾಖ್ಯಾನಿಸಿತು. ಗ್ರಾಹಕರ ಹಕ್ಕುಗಳಲ್ಲಿ ಗಣನೀಯ ಬದಲಾವಣೆ ಉಂಟುಮಾಡುವ, ಸಕಾರಣವಿಲ್ಲದೆ ಏಕಪಕ್ಷೀಯವಾಗಿ ಕರಾರನ್ನು ಕೊನೆಗೊಳಿಸುವ ಹಕ್ಕು ನೀಡುವ ಅಥವಾ ಗ್ರಾಹಕರನ್ನು ಪ್ರತಿಕೂಲ ಸ್ಥಿತಿಗೆ ದೂಡುವ ಅಸಮಂಜಸ ಷರತ್ತುಗಳು ಇದರಲ್ಲಿ ಸೇರುತ್ತವೆ. ಇಂತಹ ದೂರುಗಳನ್ನು ಜಿಲ್ಲಾ ಆಯೋಗವಲ್ಲ, ರಾಜ್ಯ ಆಯೋಗ ಅಥವಾ ಮೊತ್ತ ಹೆಚ್ಚಿದ್ದಲ್ಲಿ ರಾಷ್ಟ್ರೀಯ ಆಯೋಗ ವಿಚಾರಿಸುತ್ತದೆ. ಕರ್ನಾಟಕದ ರಾಜ್ಯ ಆಯೋಗ ಬೆಂಗಳೂರಿನಲ್ಲಿದೆ. ದೂರುದಾರರು ತಾವು ವಾಸಿಸುವ ಅಥವಾ ಕೆಲಸ ಮಾಡುವ ಸ್ಥಳದ ವ್ಯಾಪ್ತಿಯಲ್ಲಿಯೇ ದೂರು ಸಲ್ಲಿಸಲು ಕಾಯ್ದೆ ಅವಕಾಶ ನೀಡುತ್ತದೆ. ಆದರೆ ಕಾಯ್ದೆಯ ವ್ಯಾಖ್ಯಾನದಂತೆ ಗ್ರಾಹಕರು ಪ್ರತಿಫಲ ನೀಡಿ ಸೇವೆ ಪಡೆದವರಾಗಿರಬೇಕು. ಆದಕಾರಣ ಹಣ ಪಡೆಯದ ಸೇವೆಗಳ ಬಳಕೆದಾರರಿಗೆ ಈ ದಾರಿ ಅಷ್ಟು ಸುಗಮವಲ್ಲ.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, 2023ರ ಪ್ರಕಾರ ವೈಯಕ್ತಿಕ ದತ್ತಾಂಶದ ಬಳಕೆಗೆ ನೀಡುವ ಸಮ್ಮತಿಯು ಮುಕ್ತ, ನಿರ್ದಿಷ್ಟ, ಮಾಹಿತಿಪೂರ್ಣ, ನಿಶ್ಶರ್ತ ಮತ್ತು ನಿಸ್ಸಂದಿಗ್ಧವಾಗಿರಬೇಕು ಹಾಗೂ ಸ್ಪಷ್ಟವಾದ ಸಕಾರಾತ್ಮಕ ಕ್ರಿಯೆಯ ಮೂಲಕ ವ್ಯಕ್ತವಾಗಬೇಕು. ಸಮ್ಮತಿಯನ್ನು ಹಿಂಪಡೆಯುವುದು ಅದನ್ನು ನೀಡಿದಷ್ಟೇ ಸುಲಭವಾಗಿರಬೇಕು. ಸೂಚನೆಯನ್ನು ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಪಡೆಯುವ ಆಯ್ಕೆಯೂ ಇರಬೇಕು. ಈ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟಗೊಂಡವು. ಸೂಚನೆ ಮತ್ತು ಸಮ್ಮತಿಯ ವಿಧಿಗಳ ಜಾರಿಗೆ ಆ ಪ್ರಕಟಣೆಯಿಂದ 18 ತಿಂಗಳ ಕಾಲಾವಕಾಶ ನೀಡಲಾಗಿದೆ.

ಹಣಕಾಸಿನ ಕ್ಷೇತ್ರದಲ್ಲಿ ನಿಯಮಗಳು ಇನ್ನಷ್ಟು ಖಚಿತವಾಗಿವೆ. ಭಾರತೀಯ ರಿಸರ್ವ್ ಬ್ಯಾಂಕಿನ ಕಾರ್ಡ್ ನಿರ್ದೇಶನಗಳ ಪ್ರಕಾರ ಕ್ರೆಡಿಟ್ ಕಾರ್ಡಿನ ಶುಲ್ಕಗಳನ್ನು (ಬಡ್ಡಿಯನ್ನು ಹೊರತುಪಡಿಸಿ) ಕನಿಷ್ಠ ಒಂದು ತಿಂಗಳ ಮುಂಚಿತ ಸೂಚನೆಯೊಂದಿಗೆ, ಮುಂದಿನ ದಿನಗಳಿಗೆ ಮಾತ್ರ ಅನ್ವಯವಾಗುವಂತೆ ಬದಲಾಯಿಸಬಹುದು. ಬದಲಾವಣೆ ತಮಗೆ ಪ್ರತಿಕೂಲವೆನಿಸಿದರೆ ಗ್ರಾಹಕರು ಬಾಕಿ ತೀರಿಸಿ, ಹೆಚ್ಚುವರಿ ಶುಲ್ಕವಿಲ್ಲದೆ ಕಾರ್ಡನ್ನು ಹಿಂದಿರುಗಿಸಬಹುದು.

ಅಮೆರಿಕ ಸಂಯುಕ್ತ ಸಂಸ್ಥಾನ

ಜಗತ್ತಿನಾದ್ಯಂತ ಬಳಕೆಯಲ್ಲಿರುವ ಅನೇಕ ಸೇವೆಗಳ ಕೇಂದ್ರ ಕಚೇರಿಗಳು ಅಮೆರಿಕದಲ್ಲಿರುವುದರಿಂದ ಅಲ್ಲಿನ ತೀರ್ಪುಗಳು ನಿಯಮಗಳ ರಚನೆಯ ಮೇಲೆ ಪ್ರಭಾವ ಬೀರಿವೆ. 2002ರ ಸ್ಪೆಕ್ಟ್ ಮತ್ತು ನೆಟ್‌ಸ್ಕೇಪ್ ಪ್ರಕರಣದಲ್ಲಿ, ಪುಟವನ್ನು ಕೆಳಕ್ಕೆ ಸರಿಸಿದರೆ ಮಾತ್ರ ಕಾಣುವಂತಿದ್ದ ಷರತ್ತುಗಳು ತಂತ್ರಾಂಶವನ್ನು ಇಳಿಸಿಕೊಂಡವರನ್ನು ಬಂಧಿಸುವುದಿಲ್ಲವೆಂದು ಎರಡನೆಯ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ತೀರ್ಮಾನಿಸಿತು.

ಬದಲಾವಣೆಯ ಸೂಚನೆಗೆ ನೇರವಾಗಿ ಸಂಬಂಧಿಸಿದ್ದು 2007ರ ಡಗ್ಲಾಸ್ ಮತ್ತು ಟಾಕ್ ಅಮೆರಿಕ ಪ್ರಕರಣ. ದೂರವಾಣಿ ಸೇವೆಯ ಸಂಸ್ಥೆಯೊಂದು ಪರಿಷ್ಕೃತ ಕರಾರನ್ನು ತನ್ನ ಜಾಲತಾಣದಲ್ಲಿ ಮಾತ್ರ ಪ್ರಕಟಿಸಿತ್ತು. ಹೆಚ್ಚುವರಿ ಶುಲ್ಕ, ಮಧ್ಯಸ್ಥಿಕೆ, ಸಾಮೂಹಿಕ ದಾವೆಯ ನಿಷೇಧ ಮೊದಲಾದ ಅಂಶಗಳು ಅದರಲ್ಲಿದ್ದವು. ಷರತ್ತುಗಳು ಬದಲಾಗಿವೆಯೇ ಎಂದು ಆಗಾಗ ಜಾಲತಾಣವನ್ನು ನೋಡುತ್ತಿರಬೇಕಾದ ಹೊಣೆ ಗ್ರಾಹಕರಿಗಿಲ್ಲ, ಪರಿಷ್ಕೃತ ಕರಾರು ಒಂದು ಪ್ರಸ್ತಾಪ ಮಾತ್ರ, ಅದು ಸ್ವೀಕೃತವಾಗುವವರೆಗೆ ಬಂಧಿಸುವುದಿಲ್ಲ ಎಂದು ಒಂಬತ್ತನೆಯ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ ಹೇಳಿತು. ಪ್ರತಿಯೊಬ್ಬ ಬಳಕೆದಾರರಿಗೂ ಪ್ರತ್ಯೇಕವಾಗಿ ಸೂಚನೆ ಕಳುಹಿಸುವುದು ಸಂಸ್ಥೆಗಳಿಗೆ ಏಕೆ ಮುಖ್ಯ ಎಂಬುದನ್ನು ಈ ತೀರ್ಪು ತೋರಿಸುತ್ತದೆ.

ಇಮೇಲ್ ಕಳುಹಿಸಿದ್ದೇವೆ ಎಂದರೆ ಸಾಲದು, ಅದನ್ನು ರುಜುವಾತುಪಡಿಸಬೇಕು. 2023ರ ಜಾಕ್ಸನ್ ಮತ್ತು ಅಮೆಜಾನ್ ಪ್ರಕರಣದಲ್ಲಿ, ಸರಕು ತಲುಪಿಸುವ ಚಾಲಕರಿಗೆ 2019ರ ಹೊಸ ನಿಯಮಗಳ ಬಗ್ಗೆ ಸಮರ್ಪಕ ಸೂಚನೆ ದೊರೆತಿತ್ತೆಂದು ತೋರಿಸಲು ಸಂಸ್ಥೆ ವಿಫಲವಾಗಿದೆ ಎಂದು ಅದೇ ನ್ಯಾಯಾಲಯ ತೀರ್ಮಾನಿಸಿ, ಹಳೆಯ ನಿಯಮಗಳನ್ನೇ ಅನ್ವಯಿಸಿತು.

ಯುರೋಪ್ ಒಕ್ಕೂಟ

ಯುರೋಪಿನಲ್ಲಿ 1993ರ ಅನ್ಯಾಯದ ಕರಾರು ಷರತ್ತುಗಳ ನಿರ್ದೇಶನವು, ಕರಾರಿನಲ್ಲಿ ನಮೂದಿಸಿದ ಸಕಾರಣವಿಲ್ಲದೆ ಏಕಪಕ್ಷೀಯವಾಗಿ ಷರತ್ತುಗಳನ್ನು ಬದಲಾಯಿಸಲು ಮಾರಾಟಗಾರರಿಗೆ ಅವಕಾಶ ನೀಡುವುದನ್ನು ಅನ್ಯಾಯವೆನಿಸಬಹುದಾದ ಷರತ್ತುಗಳ ಪಟ್ಟಿಯಲ್ಲಿ ಸೇರಿಸಿದೆ. 2019ರ ಡಿಜಿಟಲ್ ವಸ್ತು ಮತ್ತು ಸೇವೆಗಳ ನಿರ್ದೇಶನದ ಪ್ರಕಾರ, ಸೇವೆಯ ಮಾರ್ಪಾಡು ಗ್ರಾಹಕರಿಗೆ ಗಣನೀಯವಾಗಿ ಪ್ರತಿಕೂಲವಾದರೆ ಅವರು 30 ದಿನಗಳೊಳಗೆ ಉಚಿತವಾಗಿ ಕರಾರನ್ನು ಕೊನೆಗೊಳಿಸಬಹುದು. ಆನ್‌ಲೈನ್ ವೇದಿಕೆಗಳಲ್ಲಿ ವ್ಯಾಪಾರ ಮಾಡುವವರಿಗೆ ನಿಯಮ ಬದಲಾವಣೆಯನ್ನು ಕನಿಷ್ಠ 15 ದಿನ ಮುಂಚಿತವಾಗಿ ತಿಳಿಸಬೇಕೆಂದು 2019ರ ಇನ್ನೊಂದು ಶಾಸನ ವಿಧಿಸಿದೆ.

ಜರ್ಮನಿಯ ಫೆಡರಲ್ ನ್ಯಾಯಾಲಯವು 2021ರ ಏಪ್ರಿಲ್ 27ರಂದು ಪೋಸ್ಟ್‌ಬ್ಯಾಂಕ್ ಪ್ರಕರಣದಲ್ಲಿ, ಎರಡು ತಿಂಗಳೊಳಗೆ ಆಕ್ಷೇಪಿಸದಿದ್ದರೆ ಒಪ್ಪಿದಂತೆ ಎಂಬ ಬ್ಯಾಂಕಿನ ವ್ಯಾಪಕ ಷರತ್ತು ಅಸಿಂಧು ಎಂದು ತೀರ್ಪಿತ್ತಿತು. ಅದರ ನಂತರ ಆ ದೇಶದ ಬ್ಯಾಂಕುಗಳು ಬದಲಾವಣೆಗಳಿಗೆ ಗ್ರಾಹಕರ ಸ್ಪಷ್ಟ ಒಪ್ಪಿಗೆಯನ್ನು ಕೋರಬೇಕಾಯಿತು.

ಬಳಕೆದಾರರ ಪ್ರತಿಕ್ರಿಯೆಯ ವಿಧಾನಗಳು

ಸೂಚನೆ ಬಂದ ದಿನದಿಂದ ಜಾರಿಯ ದಿನದವರೆಗಿನ ಅವಧಿಯೇ ಬಳಕೆದಾರರಿಗೆ ದೊರೆಯುವ ಮುಖ್ಯ ಅವಕಾಶ. ಅನೇಕ ಹಕ್ಕುಗಳು ಈ ಅವಧಿಯ ನಂತರ ಕ್ಷೀಣಿಸುತ್ತವೆ. ರೂಢಿಯಲ್ಲಿರುವ ಪ್ರತಿಕ್ರಿಯೆಗಳು ಹೀಗಿವೆ.

ದಾಖಲಿಸಿಕೊಳ್ಳುವುದು: ಇಮೇಲನ್ನು ಅಳಿಸದೆ ಉಳಿಸುವುದು, ಹಳೆಯ ಮತ್ತು ಹೊಸ ನಿಯಮಗಳೆರಡರ ಪ್ರತಿಯನ್ನು ದಿನಾಂಕದೊಂದಿಗೆ ಇಟ್ಟುಕೊಳ್ಳುವುದು ಮೊದಲ ಹೆಜ್ಜೆ. ಹೊಸ ಪಠ್ಯ ಬಂದ ಕೂಡಲೇ ಹಳೆಯದು ಜಾಲತಾಣದಿಂದ ಮರೆಯಾಗಬಹುದು. ಇಂಟರ್ನೆಟ್ ಆರ್ಕೈವ್ ಸಂಸ್ಥೆಯ 'ವೇಬ್ಯಾಕ್ ಮಷಿನ್' ಸಂಗ್ರಹದಲ್ಲಿ ಹಲವು ಪುಟಗಳ ಹಿಂದಿನ ಆವೃತ್ತಿಗಳು ದೊರೆಯುತ್ತವೆ.

ಹೋಲಿಸಿ ನೋಡುವುದು: ಎರಡೂ ಆವೃತ್ತಿಗಳನ್ನು ಪೂರ್ತಿಯಾಗಿ ಓದಲಾಗದಿದ್ದರೆ, ಎರಡು ಪಠ್ಯಗಳ ವ್ಯತ್ಯಾಸ ತೋರಿಸುವ ಸಾಧನಗಳನ್ನು ಬಳಸಬಹುದು. ಶುಲ್ಕ, ನವೀಕರಣ, ಪರವಾನಗಿ, ಹಂಚಿಕೆ, ಮಧ್ಯಸ್ಥಿಕೆ, ಮುಕ್ತಾಯ ಎಂಬ ಪದಗಳಿರುವ ಭಾಗಗಳನ್ನು ಹುಡುಕಿ ಓದಿದರೆ ಮುಖ್ಯ ಬದಲಾವಣೆಗಳು ಬಹುಮಟ್ಟಿಗೆ ಗೋಚರಿಸುತ್ತವೆ.

ಆಯ್ಕೆಯಿಂದ ಹೊರಗುಳಿಯುವುದು: ಸೇವೆಯನ್ನು ಬಿಡದೆಯೇ ನಿರ್ದಿಷ್ಟ ಷರತ್ತೊಂದನ್ನು ನಿರಾಕರಿಸುವ ಅವಕಾಶ ಕೆಲವೊಮ್ಮೆ ಇರುತ್ತದೆ. ದತ್ತಾಂಶ ಹಂಚಿಕೆಗೆ ಸಂಬಂಧಿಸಿದ್ದಾದರೆ ಇದು ಖಾತೆಯ ಸೆಟ್ಟಿಂಗ್ಸ್ ಭಾಗದಲ್ಲಿರುತ್ತದೆ. ಅಮೆರಿಕದ ಹಲವು ಸೇವೆಗಳು ಕಡ್ಡಾಯ ಮಧ್ಯಸ್ಥಿಕೆಯನ್ನು ನಿರಾಕರಿಸಲು ಸಾಮಾನ್ಯವಾಗಿ 30 ದಿನಗಳ ಅವಧಿ ನೀಡುತ್ತವೆ. ನಿಗದಿತ ವಿಳಾಸಕ್ಕೆ ಹೆಸರು, ಖಾತೆಯ ವಿವರ ಹಾಗೂ ನಿರಾಕರಣೆಯ ಸ್ಪಷ್ಟ ವಾಕ್ಯವನ್ನು ಬರೆದು ಕಳುಹಿಸಬೇಕಾಗುತ್ತದೆ. ಅವಧಿ ಮೀರಿದ ನಿರಾಕರಣೆಗೆ ಸಾಮಾನ್ಯವಾಗಿ ಬೆಲೆಯಿಲ್ಲ.

ಆಕ್ಷೇಪ ಸಲ್ಲಿಸುವುದು: ಸೂಚನೆಗಳು ಬಹುತೇಕ ಉತ್ತರ ಸ್ವೀಕರಿಸದ ವಿಳಾಸದಿಂದ ಬರುತ್ತವೆ. ಆ ಇಮೇಲಿಗೆ ನೇರವಾಗಿ ಉತ್ತರಿಸಿದರೆ ಅದು ಯಾರನ್ನೂ ತಲುಪದೆ ಹೋಗಬಹುದು. ಆಕ್ಷೇಪವನ್ನು ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ಕಳುಹಿಸುವುದು ಸೂಕ್ತ. 2021ರ ನಿಯಮಗಳ ಪ್ರಕಾರ ಮಧ್ಯವರ್ತಿ ಸಂಸ್ಥೆಗಳು ಈ ಅಧಿಕಾರಿಯ ಹೆಸರು ಮತ್ತು ಸಂಪರ್ಕ ವಿವರವನ್ನು ಪ್ರಕಟಿಸಬೇಕು, ದೂರನ್ನು 24 ಗಂಟೆಗಳೊಳಗೆ ಸ್ವೀಕೃತಿಗೊಳಿಸಿ ನಿಗದಿತ ಅವಧಿಯೊಳಗೆ ವಿಲೇವಾರಿ ಮಾಡಬೇಕು. ತೀರ್ಮಾನ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಕುಂದುಕೊರತೆ ಮೇಲ್ಮನವಿ ಸಮಿತಿಗೆ ಹೋಗಬಹುದು. ಆಕ್ಷೇಪ ಸಲ್ಲಿಸಿದ ನಂತರವೂ ಸೇವೆಯನ್ನು ಬಳಸುತ್ತಿದ್ದರೆ ಆಕ್ಷೇಪದ ಬಲ ಕುಂದುವ ಸಾಧ್ಯತೆಯಿದೆ. ಆದರೂ ಅದು ಮುಂದಿನ ವ್ಯಾಜ್ಯದಲ್ಲಿ ಸಾಕ್ಷ್ಯವಾಗಿ ಉಳಿಯುತ್ತದೆ.

ಪಾವತಿಯನ್ನು ತಡೆಯುವುದು: ಚಂದಾ ಏರಿಕೆಯ ಸಂದರ್ಭದಲ್ಲಿ ಸ್ವಯಂ ಪಾವತಿಯ ಆದೇಶವನ್ನು ಪರಿಶೀಲಿಸಬೇಕಾಗುತ್ತದೆ. ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ವ್ಯವಸ್ಥೆಯಲ್ಲಿ ಹಣ ಕಡಿತಕ್ಕೆ ಕನಿಷ್ಠ 24 ಗಂಟೆ ಮುಂಚಿತವಾಗಿ ಗ್ರಾಹಕರಿಗೆ ತಿಳಿಸಬೇಕು. ಆ ವಹಿವಾಟನ್ನು ಅಥವಾ ಇಡೀ ಆದೇಶವನ್ನು ಗ್ರಾಹಕರು ಆಗ ರದ್ದುಪಡಿಸಬಹುದು. ಪಾವತಿ ನಿಲ್ಲಿಸಿದ ಮಾತ್ರಕ್ಕೆ ಕರಾರು ಕೊನೆಗೊಳ್ಳುವುದಿಲ್ಲ. ಚಂದಾವನ್ನು ಪ್ರತ್ಯೇಕವಾಗಿ ರದ್ದುಮಾಡಬೇಕು.

ದತ್ತಾಂಶ ಪಡೆದು ಹೊರಬರುವುದು: ಸೇವೆಯನ್ನು ತೊರೆಯಲು ನಿರ್ಧರಿಸಿದವರು ಮೊದಲು ತಮ್ಮ ಚಿತ್ರ, ಪತ್ರ, ಕಡತಗಳನ್ನು ಇಳಿಸಿಕೊಂಡು, ಅವು ತೆರೆಯುತ್ತವೆಯೇ ಎಂದು ಪರೀಕ್ಷಿಸಿ, ಅನಂತರ ಖಾತೆಯನ್ನು ಅಳಿಸಬೇಕು. ಗೂಗಲ್ ಸಂಸ್ಥೆಯ 'ಟೇಕ್‌ಔಟ್' 2011ರಿಂದ ಇಂತಹ ಸೌಲಭ್ಯ ನೀಡುತ್ತಿದೆ. ಯುರೋಪಿನ ಸಾಮಾನ್ಯ ದತ್ತಾಂಶ ಸಂರಕ್ಷಣಾ ನಿಯಮಾವಳಿಯ 20ನೆಯ ವಿಧಿ ದತ್ತಾಂಶವನ್ನು ಬೇರೆಡೆಗೆ ಒಯ್ಯುವುದನ್ನು ಹಕ್ಕೆಂದು ಪರಿಗಣಿಸಿದೆ. ಫೋನಿನಿಂದ ಆ್ಯಪನ್ನು ತೆಗೆದುಹಾಕಿದರೆ ಖಾತೆ ಅಳಿಯುವುದಿಲ್ಲ, ಕರಾರೂ ಮುಗಿಯುವುದಿಲ್ಲ.

ಕಾಲ್ಪನಿಕ ನಿದರ್ಶನವೊಂದನ್ನು ಗಮನಿಸಬಹುದು. ಫೋಟೋ ಸ್ಟುಡಿಯೊ ನಡೆಸುವವರೊಬ್ಬರು ಗ್ರಾಹಕರ ಮದುವೆಯ ಚಿತ್ರಗಳನ್ನು ಆನ್‌ಲೈನ್ ಸಂಗ್ರಹವೊಂದರಲ್ಲಿ ಇರಿಸಿದ್ದಾರೆ. ಜೂನ್ 1ರಂದು ಬಂದ ಇಮೇಲಿನಲ್ಲಿ, ಜುಲೈ 1ರಿಂದ ಏರಿಸಿದ ಚಿತ್ರಗಳನ್ನು ಸಂಸ್ಥೆಯು ತನ್ನ ಪ್ರಚಾರಕ್ಕೆ ಬಳಸಬಹುದೆಂಬ ಹೊಸ ಷರತ್ತಿದೆ. ಚಿತ್ರಗಳಲ್ಲಿರುವವರು ಅದಕ್ಕೆ ಒಪ್ಪಿಲ್ಲ. ಸ್ಟುಡಿಯೊ ಮಾಲೀಕರು ಜೂನ್ ತಿಂಗಳಲ್ಲಿಯೇ ಚಿತ್ರಗಳನ್ನು ಇಳಿಸಿಕೊಂಡು ಖಾತೆ ಮುಚ್ಚಿದರೆ ಹಳೆಯ ನಿಯಮಗಳೇ ಕೊನೆಯವರೆಗೂ ಅನ್ವಯಿಸಿದವೆಂದು ವಾದಿಸಬಹುದು. ಜುಲೈ ನಂತರವೂ ಚಿತ್ರಗಳನ್ನು ಏರಿಸುತ್ತ ಹೋದರೆ, ತಾವು ಇಮೇಲ್ ಓದಿರಲಿಲ್ಲ ಎಂಬ ವಾದ ದುರ್ಬಲವಾಗುತ್ತದೆ. ಇಲ್ಲಿ ತೊಡಕಿಗೆ ಸಿಲುಕುವುದು ಅವರ ಹಕ್ಕು ಮಾತ್ರವಲ್ಲ, ಅವರನ್ನು ನಂಬಿದವರ ಹಕ್ಕೂ ಹೌದು.

ಪ್ರಮುಖ ಪ್ರಸಂಗಗಳು

ಫೇಸ್‌ಬುಕ್ (2009): ಖಾತೆ ಮುಚ್ಚಿದ ನಂತರವೂ ಬಳಕೆದಾರರ ವಿಷಯವಸ್ತುವಿನ ಮೇಲೆ ಸಂಸ್ಥೆಯ ಪರವಾನಗಿ ಮುಂದುವರಿಯುತ್ತದೆ ಎಂದು ಅರ್ಥೈಸಬಹುದಾದ ಬದಲಾವಣೆಯನ್ನು ಸಂಸ್ಥೆ ಫೆಬ್ರವರಿಯಲ್ಲಿ ಮಾಡಿತು. ಬಳಕೆದಾರರ ಪ್ರತಿಭಟನೆಯಿಂದ ಅದೇ ತಿಂಗಳಲ್ಲಿ ಹಿಂದಿನ ನಿಯಮಗಳಿಗೆ ಮರಳಿ, ಏಪ್ರಿಲ್‌ನಲ್ಲಿ ಹೊಸ ಕರಡನ್ನು ಬಳಕೆದಾರರ ಮತಕ್ಕೆ ಹಾಕಿತು. ಈ ಮತದಾನ ಪದ್ಧತಿಯನ್ನು 2012ರಲ್ಲಿ ಕೈಬಿಡಲಾಯಿತು.

ಇನ್‌ಸ್ಟಾಗ್ರಾಂ (2012): ಬಳಕೆದಾರರ ಚಿತ್ರಗಳನ್ನು ಜಾಹೀರಾತಿನೊಂದಿಗೆ ಬಳಸಬಹುದೆಂದು ಸೂಚಿಸಿದ ಡಿಸೆಂಬರ್ ತಿಂಗಳ ಪರಿಷ್ಕರಣೆ ತೀವ್ರ ವಿರೋಧಕ್ಕೆ ಗುರಿಯಾಯಿತು. ಕೆಲವೇ ದಿನಗಳಲ್ಲಿ ಸಂಸ್ಥೆಯು ಜಾಹೀರಾತಿನ ಭಾಗವನ್ನು ಹಿಂದಿನ ರೂಪಕ್ಕೆ ತಂದಿತು.

ವಾಟ್ಸ್‌ಆ್ಯಪ್ (2016 ಮತ್ತು 2021): 2016ರ ಆಗಸ್ಟ್‌ನ ಪರಿಷ್ಕರಣೆಯಲ್ಲಿ, ಜಾಹೀರಾತಿನ ಉದ್ದೇಶಕ್ಕಾಗಿ ಫೇಸ್‌ಬುಕ್ ಜೊತೆ ಮಾಹಿತಿ ಹಂಚಿಕೊಳ್ಳುವುದನ್ನು ನಿರಾಕರಿಸಲು ಹಾಲಿ ಬಳಕೆದಾರರಿಗೆ 30 ದಿನಗಳ ಅವಕಾಶವಿತ್ತು. ಇಬ್ಬರು ವಿದ್ಯಾರ್ಥಿಗಳು ಸಲ್ಲಿಸಿದ ಅರ್ಜಿಯ ಮೇಲೆ ದೆಹಲಿ ಉಚ್ಚ ನ್ಯಾಯಾಲಯವು ಸೆಪ್ಟೆಂಬರ್ 23ರಂದು, ಸೆಪ್ಟೆಂಬರ್ 25ಕ್ಕೆ ಮುನ್ನ ಖಾತೆ ಅಳಿಸಿದವರ ಮಾಹಿತಿಯನ್ನು ಅಳಿಸಬೇಕೆಂದು ನಿರ್ದೇಶಿಸಿತು. 2021ರ ಜನವರಿಯ ಪರಿಷ್ಕರಣೆಯಲ್ಲಿ ಅಂತಹ ಆಯ್ಕೆಯಿರಲಿಲ್ಲ. ಫೆಬ್ರವರಿ 8 ಎಂದಿದ್ದ ಗಡುವು ವಿರೋಧದ ಕಾರಣ ಮೇ 15ಕ್ಕೆ ಮುಂದೂಡಲ್ಪಟ್ಟಿತು. ಭಾರತೀಯ ಸ್ಪರ್ಧಾ ಆಯೋಗವು ಸ್ವಯಂಪ್ರೇರಿತವಾಗಿ ವಿಚಾರಣೆ ಕೈಗೊಂಡು, 'ಒಪ್ಪಿ ಇಲ್ಲವೇ ಬಿಡಿ' ಎಂಬ ಧೋರಣೆಯು ಪ್ರಬಲ ಸ್ಥಾನದ ದುರುಪಯೋಗವೆಂದು ತೀರ್ಮಾನಿಸಿ, 2024ರ ನವೆಂಬರ್ 18ರಂದು ಮೆಟಾ ಸಂಸ್ಥೆಗೆ 213.14 ಕೋಟಿ ರೂಪಾಯಿ ದಂಡ ವಿಧಿಸಿತು. 2025ರ ನವೆಂಬರ್‌ನಲ್ಲಿ ರಾಷ್ಟ್ರೀಯ ಕಂಪನಿ ಕಾನೂನು ಮೇಲ್ಮನವಿ ನ್ಯಾಯಮಂಡಳಿಯು ದಂಡವನ್ನು ಎತ್ತಿಹಿಡಿದು, ಜಾಹೀರಾತಿಗಾಗಿ ದತ್ತಾಂಶ ಹಂಚಿಕೆಯ ಮೇಲೆ ಆಯೋಗ ಹೇರಿದ್ದ ಐದು ವರ್ಷಗಳ ನಿಷೇಧವನ್ನು ರದ್ದುಗೊಳಿಸಿತು.

ಗೂಗಲ್ ಫೋಟೋಸ್ (2020–21): ಉಚಿತ ಅಪರಿಮಿತ ಸಂಗ್ರಹವನ್ನು ಕೊನೆಗೊಳಿಸುವುದಾಗಿ 2020ರ ನವೆಂಬರ್‌ನಲ್ಲಿ ಪ್ರಕಟಿಸಿದ ಸಂಸ್ಥೆ, ಅದನ್ನು 2021ರ ಜೂನ್ 1ರಿಂದ ಜಾರಿಗೊಳಿಸಿತು. ಆ ದಿನಾಂಕಕ್ಕೆ ಮುನ್ನ 'ಉನ್ನತ ಗುಣಮಟ್ಟ'ದ ಆಯ್ಕೆಯಲ್ಲಿ ಏರಿಸಿದ ಚಿತ್ರಗಳನ್ನು ಹೊಸ ಮಿತಿಯ ಲೆಕ್ಕಕ್ಕೆ ಸೇರಿಸಲಿಲ್ಲ. ದೀರ್ಘ ಮುನ್ಸೂಚನೆ ಮತ್ತು ಹಳೆಯ ವಸ್ತುವಿಗೆ ವಿನಾಯಿತಿ ನೀಡಿದ್ದಕ್ಕೆ ಇದು ಉದಾಹರಣೆ.

ಜೂಮ್ (2023): ಗ್ರಾಹಕರ ದತ್ತಾಂಶವನ್ನು ಕೃತಕ ಬುದ್ಧಿಮತ್ತೆಯ ತರಬೇತಿಗೆ ಬಳಸಬಹುದೆಂದು ಅರ್ಥ ನೀಡುವ ಷರತ್ತು ಮಾರ್ಚ್‌ನಲ್ಲಿ ಸೇರಿದ್ದರೂ ಅದು ವ್ಯಾಪಕವಾಗಿ ಗಮನಕ್ಕೆ ಬಂದದ್ದು ಆಗಸ್ಟ್‌ನಲ್ಲಿ. ಟೀಕೆಯ ನಂತರ ಸಂಸ್ಥೆಯು, ಗ್ರಾಹಕರ ಧ್ವನಿ, ದೃಶ್ಯ, ಹರಟೆಗಳನ್ನು ತರಬೇತಿಗೆ ಬಳಸುವುದಿಲ್ಲವೆಂದು ನಿಯಮಗಳಲ್ಲಿಯೇ ಸೇರಿಸಿತು.

ಸ್ಟೀಮ್ (2024): ವಿಡಿಯೊ ಗೇಮ್ ಮಾರಾಟದ ಈ ವೇದಿಕೆಯನ್ನು ನಡೆಸುವ ವಾಲ್ವ್ ಸಂಸ್ಥೆಯು ಸೆಪ್ಟೆಂಬರ್‌ನಲ್ಲಿ ತನ್ನ ಕರಾರಿನಿಂದ ಕಡ್ಡಾಯ ಮಧ್ಯಸ್ಥಿಕೆಯ ಷರತ್ತನ್ನು ತೆಗೆದುಹಾಕಿ, ವ್ಯಾಜ್ಯಗಳು ನ್ಯಾಯಾಲಯಕ್ಕೆ ಹೋಗುವಂತೆ ಮಾಡಿತು. ಎಲ್ಲ ಬದಲಾವಣೆಗಳೂ ಬಳಕೆದಾರರ ಹಕ್ಕನ್ನು ಮೊಟಕುಗೊಳಿಸುವುದಿಲ್ಲ ಎಂಬುದಕ್ಕೆ ಇದು ನಿದರ್ಶನ.

ನಕಲಿ ಸೂಚನೆಗಳು

ನಿಯಮ ಬದಲಾವಣೆಯ ಇಮೇಲ್‌ಗಳು ಸರ್ವೇಸಾಮಾನ್ಯವಾಗಿರುವುದರಿಂದ ವಂಚಕರು ಅವುಗಳನ್ನು ಅನುಕರಿಸುತ್ತಾರೆ. ಯುರೋಪಿನ ದತ್ತಾಂಶ ನಿಯಮಾವಳಿ 2018ರ ಮೇ 25ರಂದು ಜಾರಿಗೆ ಬಂದ ಸಮಯದಲ್ಲಿ ಗೋಪ್ಯತಾ ಸೂಚನೆಗಳ ಪ್ರವಾಹದ ನಡುವೆ ಇಂತಹ ನಕಲಿ ಇಮೇಲ್‌ಗಳೂ ಹರಿದಾಡಿದವು. 'ಹೊಸ ನಿಯಮ ಒಪ್ಪದಿದ್ದರೆ ಇಂದೇ ಖಾತೆ ಸ್ಥಗಿತ' ಎಂಬ ಅವಸರ, ಗುಪ್ತಪದ, ಒಟಿಪಿ ಅಥವಾ ಕಾರ್ಡ್ ಸಂಖ್ಯೆಯ ಬೇಡಿಕೆ, ಅಪರಿಚಿತ ವಿಳಾಸದ ಕೊಂಡಿ, ಲಗತ್ತಿಸಿದ ಕಡತ ಇವು ನಕಲಿ ಸೂಚನೆಯ ಲಕ್ಷಣಗಳು. ಇಮೇಲಿನ ಕೊಂಡಿಯನ್ನು ಒತ್ತದೆ, ಸೇವೆಯ ಜಾಲತಾಣ ಅಥವಾ ಆ್ಯಪನ್ನು ನೇರವಾಗಿ ತೆರೆದು ಅಲ್ಲಿ ಅದೇ ಸೂಚನೆಯಿದೆಯೇ ಎಂದು ನೋಡುವುದು ಸುರಕ್ಷಿತ ಕ್ರಮ. ಭಾರತದಲ್ಲಿ ಹಣ ಕಳೆದುಕೊಂಡವರು ಕೂಡಲೇ 1930 ಸಹಾಯವಾಣಿಗೆ ಕರೆ ಮಾಡಬಹುದು. ಗ್ರಾಹಕ ದೂರುಗಳಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಓದುವ ಹೊರೆ ಮತ್ತು ಟೀಕೆ

ಸೂಚನೆ ನೀಡಿದರೆ ಬಳಕೆದಾರರು ಓದಿ ನಿರ್ಧರಿಸುತ್ತಾರೆ ಎಂಬ ಕಲ್ಪನೆಯನ್ನು ಸಂಶೋಧಕರು ಪ್ರಶ್ನಿಸಿದ್ದಾರೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಅಲೀಸಿಯಾ ಮೆಕ್‌ಡೊನಾಲ್ಡ್ ಮತ್ತು ಲೋರಿ ಕ್ರೇನರ್ 2008ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ, ಒಬ್ಬ ವ್ಯಕ್ತಿ ತಾನು ಭೇಟಿ ನೀಡುವ ಜಾಲತಾಣಗಳ ಗೋಪ್ಯತಾ ನೀತಿಗಳನ್ನು ಓದಲು ವರ್ಷಕ್ಕೆ ಸುಮಾರು 200 ಗಂಟೆಗಳು ಬೇಕು. ಜೋನಾಥನ್ ಓಬಾರ್ ಮತ್ತು ಆನ್ ಓಲ್ಡಾರ್ಫ್-ಹಿರ್ಶ್ ಅವರು 543 ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ ಕಾಲ್ಪನಿಕ ಜಾಲತಾಣವೊಂದರ ಗೋಪ್ಯತಾ ನೀತಿಯನ್ನು ಶೇ 74ರಷ್ಟು ಮಂದಿ ಓದದೆಯೇ ಮುಂದೆ ಸಾಗಿದರು. ಚೊಚ್ಚಲ ಮಗುವನ್ನು ಶುಲ್ಕವಾಗಿ ಒಪ್ಪಿಸಬೇಕೆಂಬ ಷರತ್ತು ಅದರ ನಿಯಮಗಳಲ್ಲಿದ್ದುದು ಬಹುತೇಕರ ಗಮನಕ್ಕೆ ಬರಲಿಲ್ಲ.

ಈ ಹೊರೆಯನ್ನು ಇಳಿಸಲು ಕೆಲವು ಸ್ವಯಂಸೇವಾ ಯತ್ನಗಳು ನಡೆದಿವೆ. 2012ರಲ್ಲಿ ಆರಂಭವಾದ 'ಟರ್ಮ್ಸ್ ಆಫ್ ಸರ್ವೀಸ್; ಡಿಡ್ಂಟ್ ರೀಡ್' ಯೋಜನೆಯು ಸೇವೆಗಳ ನಿಯಮಗಳನ್ನು ಸಂಕ್ಷೇಪಿಸಿ ಶ್ರೇಣಿ ನೀಡುತ್ತದೆ. 'ಓಪನ್ ಟರ್ಮ್ಸ್ ಆರ್ಕೈವ್' ನಿಯಮಗಳ ಆವೃತ್ತಿಗಳನ್ನು ದಾಖಲಿಸುತ್ತದೆ. ವಿಕಿಮೀಡಿಯ ಪ್ರತಿಷ್ಠಾನದ ಬಳಕೆಯ ನಿಯಮಗಳಂತೆ, ಗಣನೀಯ ಬದಲಾವಣೆಯ ಕರಡನ್ನು ಕನಿಷ್ಠ ಮೂರು ಭಾಷೆಗಳಲ್ಲಿ ಪ್ರಕಟಿಸಿ 30 ದಿನಗಳ ಕಾಲ ಸಾರ್ವಜನಿಕ ಅಭಿಪ್ರಾಯಕ್ಕೆ ಇಡಬೇಕು.

ಭಾಷೆಯ ಪ್ರಶ್ನೆ ಭಾರತದಲ್ಲಿ ವಿಶೇಷ ಮಹತ್ವ ಪಡೆದಿದೆ. ಆ್ಯಪಿನ ಗುಂಡಿಗಳು ಕನ್ನಡದಲ್ಲಿದ್ದು, ನಿಯಮಗಳು ಮತ್ತು ಬದಲಾವಣೆಯ ಇಮೇಲ್ ಇಂಗ್ಲಿಷಿನಲ್ಲಿ ಮಾತ್ರ ಇದ್ದರೆ, ಬಳಕೆದಾರರು ಸೇವೆಯನ್ನು ಬಳಸಬಲ್ಲರು, ಆದರೆ ತಾವು ಯಾವುದಕ್ಕೆ ಒಪ್ಪಿದ್ದೇವೆ ಎಂಬುದನ್ನು ಅರಿಯಲಾರರು. ಎಂಟನೆಯ ಅನುಸೂಚಿಯ ಭಾಷೆಗಳಲ್ಲಿ ಸೂಚನೆ ಪಡೆಯುವ ಹಕ್ಕನ್ನು 2022ರ ತಿದ್ದುಪಡಿ ಹಾಗೂ 2023ರ ಕಾಯ್ದೆಗಳೆರಡೂ ಉಲ್ಲೇಖಿಸಿರುವುದು ಈ ಕೊರತೆಯನ್ನು ತುಂಬುವ ದಿಕ್ಕಿನ ಹೆಜ್ಜೆ. ಕನ್ನಡದಲ್ಲಿ ನಿಯಮಗಳನ್ನು ಒದಗಿಸುವಂತೆ ಸೇವಾ ಸಂಸ್ಥೆಯನ್ನು ಲಿಖಿತವಾಗಿ ಕೋರುವುದೂ ಬದಲಾವಣೆಯ ಸೂಚನೆಗೆ ಬಳಕೆದಾರರು ನೀಡಬಹುದಾದ ಪ್ರತಿಕ್ರಿಯೆಗಳಲ್ಲಿ ಒಂದು.

ಇವನ್ನೂ ನೋಡಿ

• ಭಾರತೀಯ ಕರಾರು ಕಾಯ್ದೆ, 1872
• ಮಾಹಿತಿ ತಂತ್ರಜ್ಞಾನ ಕಾಯ್ದೆ, 2000
• ಗ್ರಾಹಕ ಸಂರಕ್ಷಣಾ ಕಾಯ್ದೆ, 2019
• ಗೋಪ್ಯತಾ ನೀತಿ
• ಫಿಶಿಂಗ್
• ಸಂವಿಧಾನದ ಎಂಟನೆಯ ಅನುಸೂಚಿ